ಪಾರವ್ವನ ಬೆನ್ನು

ನಮ್ಮೂರಿನಲ್ಲಿ ಪಾರವ್ವನ ಮುಖ ನೋಡಿದವರಿಗಿಂತ ಬೆನ್ನು ನೋಡಿದವರೇ ಹೆಚ್ಚು. ಆಕೆಯೇನೂ ಮುಖ ಮುಚ್ಚಿಕೊಂಡು ಓಡಾಡುತ್ತಿರಲಿಲ್ಲ. ಎದುರಿಗೆ ಬಂದರೆ ಜನರೇ ಮುಖ ತಿರುಗಿಸುತ್ತಿದ್ದರು, ದಾಟಿ ಹೋದ ಮೇಲೆ ಹಿಂದಿನಿಂದ ನೋಡುತ್ತ ನಿಲ್ಲುತ್ತಿದ್ದರು. ಯಾವ ಮನೆಯ ಹಿತ್ತಲಿಗೆ ತಿರುಗುತ್ತಾಳೆ ಅನ್ನುವುದು ಅವರಿಗೆ ಬೇಕಾಗಿತ್ತು. ಪಾರವ್ವ ಹೊಕ್ಕ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ, ಬಹುಶಃ ಏಳಲಾರರು ಎಂದೇ ಅರ್ಥ.

ಕಲ್ಲೋಳಿ ನನ್ನ ಊರು. ಈಗ ನಾನು ಹೊಳೆಯಾಚೆ ಒಂದು ದವಾಖಾನೆಯಲ್ಲಿ ನರ್ಸ್. ತರಬೇತಿಗೆ ಸೇರಿದ ಮೊದಲ ವಾರ ರೋಗಿಯನ್ನು ಎಬ್ಬಿಸಿ ಕೂರಿಸುವುದನ್ನು ಕಲಿಸಿದರು. ಕೈ ಹಿಡಿದು ಜಗ್ಗಬಾರದು, ಕಂಕುಳ ಕೆಳಗೆ ತೋಳು ಹಾಕಬೇಕು, ಎಬ್ಬಿಸುವ ಮೊದಲು ಹೆಸರು ಹಿಡಿದು ಕರೆದು ಹೇಳಬೇಕು. ಅವರು ಹೇಳಿ ಮುಗಿಸುವುದರೊಳಗೆ ನಾನು ಮಾಡಿ ತೋರಿಸಿದೆ. ಎಲ್ಲಿ ಕಲಿತೆ ಎಂದು ಕೇಳಿದರು. ನಮ್ಮೂರಿನ ಒಬ್ಬ ಹೆಂಗಸಿನ ಹತ್ತಿರ ಎಂದೆ. ಆಕೆ ಯಾವ ದವಾಖಾನೆಯಲ್ಲಿದ್ದಳು ಎಂದು ಕೇಳಿದರು. ನನಗೆ ಮೊದಲು ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು. ನಮ್ಮೂರ ಪಡಸಾಲೆಗಳೇ ಪಾರವ್ವನನ್ನು ಒಳಗೆ ಬಿಟ್ಟಿರಲಿಲ್ಲ, ದವಾಖಾನೆಯ ಮಾತು ದೂರವೇ ಉಳಿಯಿತು.

ಆಕೆಯ ಕಥೆ ಶುರುವಾದದ್ದು ಪ್ಲೇಗಿನ ವರ್ಷ, ಅಂದರೆ ಸಾವಿರದ ಒಂಬೈನೂರಾ ಆರರ ಸುಮಾರಿಗೆ. ಆಗ ನಾನು ಹುಟ್ಟಿರಲಿಲ್ಲ. ಹುಕ್ಕೇರಿಯ ಕಡೆಯ ಒಂದು ಹಳ್ಳಿಯಿಂದ ಪಾರವ್ವ ನಮ್ಮೂರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಇಪ್ಪತ್ತರ ಹುಡುಗಿ. ಇಲಿ ಸತ್ತು ಬಿದ್ದವು, ಊರು ಖಾಲಿಯಾಯಿತು, ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಜ್ವರ ಬಂದವರನ್ನು ಹಳ್ಳದ ಆಚೆ ಬೇರೆ ಗುಡಿಸಲುಗಳಲ್ಲಿ ಇಟ್ಟರು. ಒಂದೇ ವಾರದಲ್ಲಿ ಪಾರವ್ವನ ಅತ್ತೆ ಹೋದಳು, ಗಂಡ ಹೋದ. ಆಮೇಲೆ ಆಕೆಯ ಬಲಗಂಕುಳಲ್ಲಿಯೂ ಗಡ್ಡೆ ಎದ್ದಿತು. ಹಳ್ಳದ ಆಚೆ ಒಯ್ದು ಮಲಗಿಸಿ ಒಂದು ಕೊಡ ನೀರಿಟ್ಟು ಬಂದರು. ಒಂಬತ್ತನೆಯ ದಿನ ಗಡ್ಡೆ ಒಡೆಯಿತು. ಪಾರವ್ವ ಎದ್ದು, ಖಾಲಿ ಕೊಡ ಹಿಡಿದುಕೊಂಡು, ಹಳ್ಳದ ದಂಡೆಗೆ ನಡೆದು ಬಂದಳು. ಈ ಕಡೆಯ ಜನ ಕಲ್ಲು ಹಿಡಿದು ನಿಂತರು. ತವರಿನಿಂದ ಬಂದ ಅಣ್ಣ ಯಲ್ಲಪ್ಪ ಕೂಡ ಈ ದಂಡೆಯಿಂದಲೇ "ಆಮ್ಯಾಲೆ ಬರ್ತೇನಿ ತಂಗಿ" ಎಂದು ಕೂಗಿ ಹೋದವನು ಮತ್ತೆ ಬರಲಿಲ್ಲ.

ಇಷ್ಟಾದ ಮೇಲೆ ಊರಿನ ಯಾವನೋ ಬುದ್ಧಿವಂತನಿಗೆ ಹೊಳೆಯಿತು, ಒಮ್ಮೆ ಬಂದು ಉಳಿದವರಿಗೆ ಆ ಬೇನೆ ಮತ್ತೆ ಬರುವುದಿಲ್ಲ ಎಂದು. ತಕ್ಷಣ ಪಾರವ್ವ ಬೇಕಾದಳು. ಹಳ್ಳದ ಬಂಡೆಯ ಮೇಲೆ ರೊಟ್ಟಿಯ ಗಂಟು ಇಟ್ಟು ಕೂಗಿ ದೂರ ಸರಿಯುತ್ತಿದ್ದರು, ಆಕೆ ಬಂದು ಒಯ್ದು ಬಿದ್ದವರಿಗೆ ಉಣಿಸುತ್ತಿದ್ದಳು. ಗಂಡ ಸತ್ತು ಹದಿನೈದು ದಿನ ಆಗಿರಲಿಲ್ಲ. ಅಳುವುದಕ್ಕೆ ಆಕೆಗೆ ಯಾರೂ ಪುರುಸೊತ್ತು ಕೊಡಲಿಲ್ಲ.

ಬೇನೆ ಹೋಯಿತು. ಜನ ಮನೆಗಳಿಗೆ ಸುಣ್ಣ ಬಳಿದುಕೊಂಡು ಊರೊಳಗೆ ಬಂದರು. ಪಾರವ್ವ ಮಾತ್ರ ಹಳ್ಳದ ದಂಡೆಯಲ್ಲೇ ಉಳಿದಳು. ನಾಲ್ಕು ಮಣ್ಣಿನ ಗೋಡೆ, ನಡುವೆ ಒಂದು ಜಾಲಿಯ ಕಂಬ, ಮೇಲೆ ಹುಲ್ಲು. ಅಲ್ಲಿಂದ ಮುಂದೆ ಮೂವತ್ತು ವರ್ಷ ಊರು ಆಕೆಯ ಜೊತೆ ಒಂದೇ ರೀತಿ ನಡೆದುಕೊಂಡಿತು. ಯಾರಾದರೂ ಹಾಸಿಗೆ ಹಿಡಿದರೆ ಕರೆಯುವುದು, ಹಿತ್ತಲ ಬಾಗಿಲಿಂದ ಒಳಗೆ ಬಿಡುವುದು, ಕೆಲಸ ಮುಗಿದ ಮೇಲೆ ದನದ ಕೊಟ್ಟಿಗೆಯಲ್ಲಿ ಎಲೆಯ ಮೇಲೆ ಉಣ್ಣಲು ಕೊಡುವುದು. ತೊಟ್ಟಿಲಿಗೆ ಕರೆಯುವುದಿಲ್ಲ, ಲಗ್ನಕ್ಕೆ ಕರೆಯುವುದಿಲ್ಲ, ಕೂಸನ್ನು ಮುಟ್ಟಗೊಡುವುದಿಲ್ಲ. ನಮ್ಮದು ಬಸವಣ್ಣನ ಹಾದಿ ಹಿಡಿದ ಊರು. ಹುಟ್ಟಿದ ಸೂತಕ ಇಲ್ಲ, ಸತ್ತ ಸೂತಕ ಇಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳಿದಾಗ ತಲೆದೂಗದ ಒಂದು ರುಮಾಲು ಇಲ್ಲ. ಅದೇ ರುಮಾಲಿನವರು ಮಠದಿಂದ ಇಳಿದು ಬರುವಾಗ ಪಾರವ್ವ ಎದುರಾದರೆ ಬದುವಿಗೆ ಹತ್ತಿ ನಿಲ್ಲುತ್ತಿದ್ದರು. ನನಗೆ ಇವತ್ತಿಗೂ ಇದನ್ನು ಸಮಾಧಾನದಿಂದ ಹೇಳಲು ಬರುವುದಿಲ್ಲ.

ಆಕೆಗೆ ಮದ್ದು ಗಿದ್ದು ಏನೂ ಗೊತ್ತಿರಲಿಲ್ಲ, ಆಕೆಯ ಕೈಗುಣವೇ ಬೇರೆ. ಮಲಗಿದವರ ತಲೆಯ ಮೇಲೆ ನಿಂತು ಮಂದಿ ಅವರ ಸಾವಿನ ಮಾತಾಡಿದರೆ ಓಡಿಸುತ್ತಿದ್ದಳು. ಬಟ್ಟೆಯ ಬತ್ತಿ ಮಾಡಿ ಹನಿಹನಿ ನೀರು ಕುಡಿಸುತ್ತಿದ್ದಳು. ಪ್ರತಿಯೊಂದಕ್ಕೂ ಹೆಸರು ಹಿಡಿದು ಕರೆಯುತ್ತಿದ್ದಳು: "ಮಾಲಿಂಗಪ್ಪಾ, ಮಗ್ಗಲ ಬದಲಸ್ತೇನಿ. ಮಾಲಿಂಗಪ್ಪಾ, ನೀರ ಕುಡಿ." ಇನ್‌ಫ್ಲುಯೆಂಜಾ ಬಂದ ವರ್ಷ ಆಕೆ ಇನ್ನೊಂದು ಉಪಾಯ ಕಂಡುಕೊಂಡಳು. ಮಲಗಿದರೆ ಉಸಿರು ಕಟ್ಟುವವರನ್ನು ಎಬ್ಬಿಸಿ ಕೂರಿಸಿ, ತಾನು ಹಿಂದೆ ಕೂತು, ಅವರ ಬೆನ್ನಿಗೆ ತನ್ನ ಬೆನ್ನು ಕೊಡುತ್ತಿದ್ದಳು. ಗೋಡೆ ತಣ್ಣಗಿರುತ್ತದೆ, ಬೆನ್ನು ಬೆಚ್ಚಗಿರುತ್ತದೆ ಎನ್ನುತ್ತಿದ್ದಳು. ಹಾಗೆ ಒಂದೊಂದು ಹಗಲು ಪೂರ್ತಿ ಅಲುಗಾಡದೆ ಕೂತಿರುತ್ತಿದ್ದಳು. ರೋಗಿಯ ಮುಖ ಆಕೆಗೆ ಕಾಣುತ್ತಿರಲಿಲ್ಲ, ಆದರೆ ಉಸಿರು ಯಾವಾಗ ನಿಂತಿತೆಂದು ಎಲ್ಲರಿಗಿಂತ ಮೊದಲು ಆಕೆಗೇ ತಿಳಿಯುತ್ತಿತ್ತು.

ಉಸಿರು ನಿಂತ ಮೇಲೂ ಆಕೆಯ ಕೆಲಸ ಇರುತ್ತಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಿಸಿ, ಪೂಜೆಗೆ ಕೂತಂತೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂತಂತೆಯೇ ಕುಣಿಯಲ್ಲಿ ಇಳಿಸುತ್ತೇವೆ. ಅದಕ್ಕೆ ಮೈ ಸೆಟೆಯುವ ಮೊದಲು, ಎರಡು ಮೂರು ತಾಸಿನೊಳಗೆ ಯಾರಾದರೂ ಕೂರಿಸಬೇಕು. ಬೇನೆಯಿಂದ ಸತ್ತವರನ್ನು ಮುಟ್ಟಲು ಮನೆಯವರು ಹಿಂಜರಿದಾಗ ಪಾರವ್ವ ಕೂರಿಸುತ್ತಿದ್ದಳು, ಸೀರೆಯ ಪಟ್ಟಿಯಿಂದ ಗೋಡೆಯ ಗೂಟಕ್ಕೆ ಕಟ್ಟಿ ತಲೆ ವಾಲದಂತೆ ನಿಲ್ಲಿಸುತ್ತಿದ್ದಳು. ಊರಿನ ಅರ್ಧ ಹಿರಿಯರು ಮಣ್ಣಿಗೆ ಇಳಿಯುವಾಗ ನೆಟ್ಟಗೆ ಕೂತಿದ್ದು ಆಕೆಯ ದಯದಿಂದ.

ಇನ್ನು ನನ್ನ ಅವ್ವನ ಮಾತು ಹೇಳಬೇಕು. ಅವ್ವನ ಹೆಸರು ಅಕ್ಕವ್ವ. ಪ್ಲೇಗಿನ ವರ್ಷ ನಾಲ್ಕರ ಕೂಸು. ಆ ಬೇನೆಯಲ್ಲಿ ಅವಳ ತಾಯಿ ಸತ್ತಳು. ಬೆಳೆಸಿದವಳು ಸೋದರತ್ತೆ ಗೌರವ್ವ, ಮುಂದೆ ತನ್ನ ಮಗನಿಗೇ ತಂದುಕೊಂಡಳು. ಹೀಗಾಗಿ ಗೌರವ್ವ ಅವ್ವನಿಗೆ ಅತ್ತೆ, ನನಗೆ ಆಯಿ, ಅಂದರೆ ಅಜ್ಜಿ. ಪ್ಲೇಗಿನ ತಿಂಗಳುಗಳಲ್ಲಿ ತನ್ನನ್ನು ಹತ್ತರಗಿಯ ನೆಂಟರ ಮನೆಯಲ್ಲಿ ಇಟ್ಟಿದ್ದರಂತೆ ಎಂದು ಅವ್ವ ಹೇಳುತ್ತಿದ್ದಳು. ಅವಳಿಗೆ ಆಯಿ ಹೇಳಿದ್ದು ಅದೇ.

ನಮ್ಮನ್ನು ಮಲಗಿಸುವಾಗ ಅವ್ವ ಮತ್ತೆಮತ್ತೆ ಹೇಳುವ ಕಥೆ ಒಂದೇ. "ನಮ್ಮವ್ವನ ಮಾರಿ ನನಗ ನೆನಪಿಲ್ಲ. ಬೆನ್ನ ಅಷ್ಟ ನೆನಪೈತಿ. ನನ್ನ ಬೆನ್ನಿಗೆ ಕಟಗೊಂಡು ಕೆಲಸ ಮಾಡ್ತಿದ್ಲು. ನಾ ಆಕಿ ಬಲಗಂಕುಳಾಗ ಕೈ ಇಡ್ತಿದ್ದೆ. ಅಲ್ಲಿ ಹುಣಸಿಬೀಜದಂಥಾದ್ದು ಒಂದು ಗಟ್ಟಿ ಇತ್ತು. ಅದನ್ನ ಹಿಡಕೊಂಡ್ರನ ನನಗ ನಿದ್ದಿ ಬರ್ತಿತ್ತು." ಇದನ್ನು ಹೇಳುವಾಗ ಅವ್ವನ ಬೆರಳು ತಾನಾಗಿ ಮಡಿಚಿಕೊಳ್ಳುತ್ತಿದ್ದವು. ತಾಯಿಯಿಂದ ಅವಳಿಗೆ ಬಂದ ಆಸ್ತಿ ಅದೊಂದೇ. ಆ ಕಥೆ ಶುರುವಾದರೆ ಆಯಿ ಎದ್ದು ಹೊರಗೆ ಹೋಗುತ್ತಿದ್ದಳು. ಸತ್ತ ಅತ್ತಿಗೆಯ ನೆನಪಿಗೆ ದುಃಖ ಆಗುತ್ತದೆ ಎಂದು ನಾವು ತಿಳಿದಿದ್ದೆವು.

ನನಗೆ ಹದಿಮೂರು ತುಂಬಿದ ವರ್ಷ ಆಯಿಯ ಗಂಡ, ನಮ್ಮ ಮುತ್ತ್ಯಾ ಗುರುಲಿಂಗಪ್ಪ ಹಾಸಿಗೆ ಹಿಡಿದರು. ದಮ್ಮು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಪಾರವ್ವ ಹಿತ್ತಲಿಂದ ಬಂದಳು. ಅವಳ ಹತ್ತಿರ ಹೋಗಬಾರದೆಂದು ಆಯಿ ಹೇಳಿದ್ದಕ್ಕೇ ನಾನು ಹೋದೆ. ಒಂಬತ್ತು ದಿನ ಮುತ್ತ್ಯಾನ ಬೆನ್ನಿಗೆ ಬೆನ್ನು ಕೊಟ್ಟು ಕೂತವಳು, ನಡುನಡುವೆ ನನ್ನ ಜೊತೆ ಮಾತಾಡುತ್ತಿದ್ದಳು. ಮುತ್ತ್ಯಾ ಸಾಯಿಸಿಬಿಡು ಎಂದು ಗೋಳಾಡಿದರೆ, "ಯಾಕ್ರಿ ಇಷ್ಟ ಅವಸರಾ, ಬಸ್ ತಪ್ಪತೈತೇನ?" ಎಂದು ಕೆಣಕುತ್ತಿದ್ದಳು. ಆ ಸ್ಥಿತಿಯಲ್ಲೂ ಮುತ್ತ್ಯಾ ನಕ್ಕು ಕೆಮ್ಮುತ್ತಿದ್ದರು. ನಾನು ಪಾರವ್ವನನ್ನು ಕೇಳಿದೆ, "ಆಯಿ, ನಿನಗ ಅಂಜಿಕಿ ಬರೂದಿಲ್ಲೇನ?" ಆಕೆಯನ್ನು ಯಾರೂ ಆಯಿ ಎಂದು ಕರೆದಿರಲಿಲ್ಲ ಅಂತ ಕಾಣುತ್ತದೆ. ತಲೆ ಅರ್ಧ ತಿರುಗಿಸಿ ನನ್ನನ್ನು ನೋಡಿದಳು.

"ಒಂದಕ್ಕ ಅಂಜತೇನಿ ಮಗಳ. ಮಾಲಿಂಗಪ್ಪ ಇದ್ದನಲ್ಲ, ಒಬ್ಬಾವ ಇರ್ತಿದ್ದಾ ತ್ವಾಟದಾಗ? ಅಂವ ಸತ್ತಿದ್ದು ಮರುದಿನಾ ಗೊತ್ತಾತು. ಸೆಟದ ಹೋಗಿದ್ದ. ಕೂಡಸಾಕ ಕಾಲ ಮಡಚವಲ್ಲವು. ಇಬ್ಬರ ಗಣಮಕ್ಕಳು ಮೊಣಕಾಲ ಮ್ಯಾಲೆ ನಿಂತ್ರು. ಕಟಗಿ ಮುರದಂಗ ಸಪ್ಪಳಾತು. ಆ ಸಪ್ಪಳ ಈಗೂ ಕಿವ್ಯಾಗ ಐತಿ." ಆಮೇಲೆ ದನಿ ಸಣ್ಣದಾಯಿತು. "ನಾನೂ ಒಬ್ಬಾಕಿನ ಇರ್ತೇನಲ್ಲಾ."

ಒಂಬತ್ತನೆಯ ದಿನ ಮುಂಜಾನೆ, ಬಿಸಿಲು ಇನ್ನೂ ಅಂಗಳಕ್ಕೆ ಇಳಿಯುತ್ತಿರುವಾಗ, ಪಾರವ್ವ ತಲೆ ತಿರುಗಿಸದೆಯೇ ಹೇಳಿದಳು: "ಗೌರವ್ವಾರ, ಹೋದ್ರು." ಆಯಿ ಬಂದು ನೋಡಿದಳು, ಹೌದು. ಪಾರವ್ವ ಮುತ್ತ್ಯಾನ ಕಾಲು ಮಡಿಸಿ ಕೂರಿಸಿ, ಅವರಿಗೆ ಇನ್ನೂ ನೋವಾಗುತ್ತದೆ ಅನ್ನುವ ಹಾಗೆ ನಿಧಾನವಾಗಿ ಪಟ್ಟಿ ಕಟ್ಟಿದಳು.

ಮಣ್ಣು ಮುಗಿಸಿ ಬಂದ ಮೇಲೆ ಊರ ಮಂದಿ ಪಡಸಾಲೆಯಲ್ಲಿ ಪಂಕ್ತಿಗೆ ಕೂತರು. ಪಾರವ್ವನ ಎಲೆ ಕೊಟ್ಟಿಗೆಯಲ್ಲಿ ಬಿತ್ತು. ಅವ್ವ ಬಡಿಸಲು ಹೋದಳು, ಹಿಂದೆ ನಾನು. ಪಾರವ್ವ ತುತ್ತು ಎತ್ತದೆ ಅವ್ವನ ಮುಖವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷದಲ್ಲಿ ಯಾರಿಂದಲೂ ಏನನ್ನೂ ಕೇಳದವಳು ಆವತ್ತು ಕೇಳಿದಳು:

"ಅಕ್ಕವ್ವಾ, ನನ್ನ ಹೊತ್ತ ಬಂದಾಗ ನನ್ನ ಕೂಡಸಾಕ ನೀ ಬರ್ತೀಯೇನ?"

ಅವ್ವನ ಕೈಯಲ್ಲಿ ಅಂಬಲಿಯ ತಂಬಿಗೆ ಇತ್ತು. ಊರಲ್ಲಿ ಇಷ್ಟು ಜನರಿರುವಾಗ ನನ್ನನ್ನೇ ಯಾಕೆ ಕೇಳುತ್ತಾಳೆ ಎಂದು ಅವಳಿಗೆ ತಿಳಿಯಲಿಲ್ಲ. ತಿರುಗಿ ನೋಡಿದಳು. ಹಿತ್ತಲ ಬಾಗಿಲಲ್ಲಿ ಆಯಿ ನಿಂತಿದ್ದಳು, ಮುಖ ಸುಣ್ಣದಂತಾಗಿತ್ತು. ಅವ್ವ ತಂಬಿಗೆ ಇಟ್ಟು ಒಳಗೆ ನಡೆದಳು.

"ಇರ್ಲಿ ಬಿಡು, ಕೇಳಬಾರದಿತ್ತು" ಎಂದು ಪಾರವ್ವ ಹೇಳಿದ್ದು ನನ್ನೊಬ್ಬಳಿಗೇ ಕೇಳಿಸಿತು. ಉಣ್ಣದೆ ಎದ್ದು ಹೋದಳು.

ಅವ್ವ ಕೆಟ್ಟವಳಲ್ಲ. ಹಾಗೆ ನೋಡಿದರೆ ಊರಿನಲ್ಲಿ ಯಾರೂ ಕೆಟ್ಟವರಲ್ಲ, ಅದೇ ನನ್ನ ಸಿಟ್ಟು. ಮಕ್ಕಳು ದೊಡ್ಡವರನ್ನು ನೋಡಿ ಯಾರ ಹತ್ತಿರ ಹೋಗಬೇಕು, ಯಾರನ್ನು ಕಂಡರೆ ಸರಿಯಬೇಕು ಎಂದು ಕಲಿಯುತ್ತವೆ. ಅವ್ವನಿಗೆ ನಾಲ್ಕರ ವಯಸ್ಸಿನಿಂದ ಕಲಿಸಿದ್ದು ಪಾರವ್ವನನ್ನು ಕಂಡರೆ ಸರಿಯುವುದು. ಆವತ್ತು ಸರಿದಳು.

ಆಮೇಲೆ ಎರಡು ವರ್ಷ ಹೋದವು. ಪಾರವ್ವನಿಗೆ ಕೆಮ್ಮು ಹತ್ತಿತ್ತು, ಮೈ ಇಳಿದಿತ್ತು. ಹೊಲಕ್ಕೆ ಬುತ್ತಿ ಒಯ್ಯುವಾಗ ನಾನು ಹಳ್ಳದ ದಾರಿ ಹಿಡಿದು ಆಕೆಯ ಮನೆಯಲ್ಲಿ ಇಣುಕುತ್ತಿದ್ದೆ. ಒಂದು ಮಧ್ಯಾಹ್ನ ಒಳಗಿನಿಂದ ಮಾತು ಕೇಳಿಸಿತು. "ಪಾರವ್ವಾ, ಏಳು. ಪಾರವ್ವಾ, ನೀರ ಕುಡಿ. ಹಾಂ, ಹಂಗ. ಶಾಣ್ಯಾಕಿ." ಯಾರೋ ಬಂದಿದ್ದಾರೆ ಎಂದು ಖುಷಿಯಿಂದ ಇಣುಕಿದೆ. ಯಾರೂ ಇರಲಿಲ್ಲ. ಹೆಸರು ಹಿಡಿದು ಕರೆಯಲು ಬೇರೆ ಯಾರೂ ಇಲ್ಲವೆಂದು ಆಕೆ ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದಳು. ನಾನು ಸಪ್ಪಳ ಮಾಡದೆ ಹಿಂದಕ್ಕೆ ಬಂದೆ. ಒಳಗೆ ಹೋಗಬೇಕಿತ್ತು.

ಇನ್ನೊಂದು ದಿನ ನೋಡಿದರೆ ಆಕೆ ಕಂಬಕ್ಕೆ ಬೆನ್ನು ಹಚ್ಚಿ, ಕಾಲು ಮಡಿಚಿ, ಎದೆಯ ಸುತ್ತ ಹಳೇ ಸೀರೆಯ ಪಟ್ಟಿಯಿಂದ ತನ್ನನ್ನು ಕಂಬಕ್ಕೆ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಳು. ಎಡಗೈ ತೊಡೆಯ ಮೇಲೆ, ಅಂಗೈಯಲ್ಲಿ ಲಿಂಗ.

"ಏನ ಮಾಡಾಕತ್ತಿ ಆಯಿ?"

"ಕುಂದ್ರೂದು ಕಲ್ಯಾಕತ್ತೇನಿ" ಎಂದು ನಕ್ಕಳು. "ಮೈಯಾಗ ಬರೋಬರಿ ಇಲ್ಲ ಅನಿಸಿದ ದಿನಾ ಹಿಂಗ ಕುಂದರತೇನಿ. ಮಲಕೊಂಡ್ರ ಅಂಜಿಕಿ."

ಹದಿನೈದು ವರ್ಷದ ನಾನು ಅದನ್ನು ಪೂಜೆಯ ಒಂದು ರೀತಿ ಎಂದುಕೊಂಡೆ. ಮಾಲಿಂಗಪ್ಪನ ಮೊಣಕಾಲು ನನಗೆ ನೆನಪಾಗಲಿಲ್ಲ. ಈ ದಡ್ಡತನವನ್ನು ನಾನು ನನಗೆ ಕ್ಷಮಿಸಿಲ್ಲ.

ಕಡ್ಲಿ ಕೀಳುವ ದಿನಗಳು. ಮುಂಜಾನೆ ನಾನು ಹಾದು ಹೋಗುವಾಗ ಬಾಗಿಲು ತೆರೆದಿತ್ತು, ಆಕೆ ಹಾಗೆಯೇ ಕೂತಿದ್ದಳು. ಕೂಗಿದೆ. ಮತ್ತೆ ಕೂಗಿದೆ. ಒಳಗೆ ಹೋಗಿ ಕೆನ್ನೆ ಮುಟ್ಟಿ, ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದೆ. ಕಾಲಿಗೆ ಬಿದ್ದು ಹೇಳಿದಂತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಮೊಣಕಾಲಿನ ಸಪ್ಪಳ, ಆಕೆಯ ಅಂಜಿಕೆ, ಕಂಬ, ಪಟ್ಟಿ. ಅವ್ವ ಕೇಳಿ ಎದ್ದಳು. ಒಲೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕದೆ ಹೊರಟಳು.

ನಾವು ಹೋಗುವುದರೊಳಗೆ ಅಂಗಳದ ತುಂಬ ಮಂದಿ. ಯಾರೂ ಹೊಸ್ತಿಲು ದಾಟಿರಲಿಲ್ಲ. ಒಳಗೆ ಎಲ್ಲವೂ ಸಿದ್ಧವಿತ್ತು. ಮಗ್ಗುಲಲ್ಲಿ ವಿಭೂತಿಯ ಗಟ್ಟಿ, ತೊಳೆದು ಮಡಿಸಿಟ್ಟ ಒಂದು ಸೀರೆ, ತುಂಬಿದ ಕೊಡ. ಪಟ್ಟಿಯ ಗಂಟು ಎದೆಯ ಮುಂದೆ, ಬಿಚ್ಚುವವರಿಗೆ ಸುಲಭವಾಗಲೆಂದು. ಜಾಲಿಯ ಕಂಬದಲ್ಲಿ ಆ ಪಟ್ಟಿಯ ಎತ್ತರಕ್ಕೆ ಸುತ್ತಲೂ ತೊಗಟೆ ಸವೆದು ನುಣುಪಾಗಿತ್ತು. ಎಷ್ಟು ಸಲ ಆಕೆ ಸಾಯಲು ಕೂತು ಮತ್ತೆ ಎದ್ದಿದ್ದಳೋ.

"ಕೂತಂಗ ಹೋಗ್ಯಾಳ, ಪುಣ್ಯವಂತಿ. ಕೂಡಸೂ ಕೆಲಸಾ ಸುದ್ದಾ ಇಟ್ಟಿಲ್ಲ" ಎಂದ ಒಬ್ಬ ರುಮಾಲಿನವ. ಅವನ ತಂದೆಯನ್ನು ಕೂರಿಸಿದ್ದು ಪಾರವ್ವ.

ಅವ್ವ ಒಳಗೆ ಕಾಲಿಟ್ಟಳು. ಹಿಂದಿನಿಂದ ಆಯಿಯ ದನಿ ಬಂತು, "ಅಕ್ಕವ್ವಾ, ಹೊರಗ ಬಾ." ಅವ್ವ ತಿರುಗಲಿಲ್ಲ. ಗಂಟು ಬಿಚ್ಚಿದಳು. ಮೈ ವಾಲತೊಡಗಿತು. ತಡೆಯಲು ಅವ್ವ ಹಿಂದಿನಿಂದ ಎರಡೂ ಕಂಕುಳ ಕೆಳಗೆ ಕೈ ಹಾಕಿದಳು. ಪಾರವ್ವನದು ಹಳೇ ಕುಬಸ, ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು.

ಅವ್ವನ ಕೈ ನಿಂತಿತು. ಬಲಗೈ ಬೆರಳು, ನಮ್ಮನ್ನು ಮಲಗಿಸುವಾಗ ಮಡಿಚಿಕೊಳ್ಳುತ್ತಿದ್ದಂತೆ, ನಿಧಾನವಾಗಿ ಮಡಿಚಿಕೊಂಡವು. ಆಮೇಲೆ ತಲೆಯೆತ್ತಿ ಹೊಸ್ತಿಲಾಚೆ ನಿಂತ ಆಯಿಯನ್ನು ನೋಡಿದಳು. ಆಯಿ ಊರ ಮಂದಿಯ ನಡುವೆ ನಿಂತೇ ಹೇಳಿದಳು:

"ನೀ ಹತ್ತರಗಿಗೆ ಹೋಗಿದ್ದಿಲ್ಲ ಮಗಳ. ನಿಮ್ಮವ್ವ ಸತ್ತ ದಿನಾ ನಿನ್ನ ಮೈ ಕೆಂಡ ಆಗಿತ್ತು. ನನ್ನ ಮಕ್ಕಳಿಗೂ ಬರ್ತೈತಂತ ಅಂಜಿ ನಾನ ಹಳ್ಳದಾಚೆ ಬಿಟ್ಟ ಬಂದೆ. ಮೂರ ತಿಂಗಳ ಈಕಿ ಬೆನ್ನ ಮ್ಯಾಲೆ ಇದ್ದಿ. ನಾಳೆ ನಿನ್ನ ಲಗ್ನಕ್ಕ ತ್ರಾಸ ಆದೀತಂತ, ಯಾರಿಗೂ ಹೇಳಬ್ಯಾಡ ಅಂತ ಈಕಿ ಕಡಿಂದ ಆಣಿ ತಗೊಂಡಿದ್ದೆ. ಈಕಿ ಹೇಳಲಿಲ್ಲ."

ಮೂವತ್ತೆರಡು ವರ್ಷ ಹೇಳಲಿಲ್ಲ. ತಾನು ಬದುಕಿಸಿದ ಕೂಸು ಎದುರು ಬಂದಾಗಲೆಲ್ಲ ಸೆರಗು ಸರಿಮಾಡಿಕೊಂಡು ದೂರ ಸರಿಯುವುದನ್ನು ನೋಡಿಯೂ ಹೇಳಲಿಲ್ಲ. ಕೊಟ್ಟಿಗೆಯಲ್ಲಿ ಕೂತು ಕೇಳಿದ ಆ ಒಂದು ಮಾತಿನಲ್ಲಿ ಸಹ ಹೇಳಲಿಲ್ಲ.

"ಆತ್ರಿ ಅತ್ತಿ" ಎಂದಳು ಅವ್ವ. ಅವಳ ದನಿ ನನಗೆ ಗುರುತೇ ಸಿಗಲಿಲ್ಲ. "ಒಳಗ ಬರ್ರಿ. ಜಳಕಕ್ಕ ನೀರ ಕಾಸ್ರಿ."

ಆಯಿ ಹೊಸ್ತಿಲು ದಾಟಿ ಬಂದಳು. ಒಲೆಯ ಮುಂದೆ ಕೂತಳು, ನಾನು ಹಚ್ಚಿಕೊಟ್ಟೆ. ಅವ್ವ ಮೈ ತೊಳೆದಳು, ತೊಳೆದಿಟ್ಟ ಸೀರೆ ಉಡಿಸಿದಳು, ಹಣೆಗೆ ವಿಭೂತಿ ಹಚ್ಚಿದಳು. ಒಂದೊಂದಕ್ಕೂ ಮುಖದ ಹತ್ತಿರ ಬಾಗಿ ಕರೆಯುತ್ತಿದ್ದಳು, "ಯವ್ವಾ, ಕೈ ಎತ್ತತೇನಿ. ಯವ್ವಾ, ಹಣಿ ಒರಸತೇನಿ." ಕುಣಿ ತೋಡುವುದು ತಡವಾಗುತ್ತದೆ, ಅಲ್ಲಿಯವರೆಗೆ ಮತ್ತೆ ಕಂಬಕ್ಕೆ ಕಟ್ಟಿಬಿಡು ಎಂದು ಹೊರಗಿನಿಂದ ಯಾರೋ ಹೇಳಿದರು. ಅವ್ವ ಆ ಪಟ್ಟಿಯನ್ನು ಎತ್ತಿ ಅಂಗಳಕ್ಕೆ ಎಸೆದಳು. ಪಾರವ್ವನ ಹಿಂದೆ ಕೂತು, ಬೆನ್ನಿಗೆ ಬೆನ್ನು ಕೊಟ್ಟಳು. ಬಿಸಿಲು ಏರಿತು, ಇಳಿಯಿತು. ನೀರು ಕೊಟ್ಟರೆ ಬೇಡವೆಂದಳು. ಸಂಜೆ ಕುಣಿ ಆಯಿತೆಂದು ಕರೆಯುವವರೆಗೆ ಅಲುಗಾಡಲಿಲ್ಲ.

ಆ ಮೇಲೆಯೂ ಅವ್ವ ನನ್ನ ತಂಗಿಯರನ್ನು ಮಲಗಿಸುವಾಗ ಅದೇ ಕಥೆ ಹೇಳುತ್ತಿದ್ದಳು. ನಮ್ಮವ್ವ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಳು, ಅವಳ ಕಂಕುಳಲ್ಲಿ ಹುಣಸಿಬೀಜದಂಥ ಗಟ್ಟಿ ಇತ್ತು, ಅದನ್ನು ಹಿಡಿದುಕೊಂಡರೆ ನನಗೆ ನಿದ್ದೆ ಬರುತ್ತಿತ್ತು. ಎಲ್ಲವೂ ಮೊದಲಿನ ಮಾತುಗಳೇ. ಮಾರಿ ನೆನಪಿಲ್ಲ ಅನ್ನುವುದನ್ನು ಮಾತ್ರ ಬಿಟ್ಟಿದ್ದಳು.